ಏನು ಮುಗಿಯುವವರೆಗೆ?

ಮೈಕಣ್ಣನ ಮುಖ ನೋಡಿದವರು ಕಡಿಮೆ, ಗಂಟಲು ಕೇಳದವರು ಯಾರೂ ಇಲ್ಲ. ಬಸ್ ನಿಲ್ದಾಣದಲ್ಲಿ, ಟಿಕೆಟ್ ಕೌಂಟರಿನ ಹಿಂದೆ ಒಂದು ಪುಟ್ಟ ಕೋಣೆ. ಅಲ್ಲೊಂದು ಕುರ್ಚಿ, ಒಂದು ಮೈಕು, ಜನರ ಕಡೆಗೊಂದು ಕಿಂಡಿ. ಫ್ಯಾನು ಹಾಕಿದರೆ ಮೈಕು ಗೊರಗುಟ್ಟುತ್ತದೆ ಅಂತ ಬೆವರು ಒರೆಸಿಕೊಳ್ಳುತ್ತಲೇ ಅವನು ದಿನವಿಡೀ ಬಸ್ಸು ಕೂಗುತ್ತಿದ್ದ. ಏನು ಗಂಟಲು ಅಂತೀರಿ! ಬೆಂಚಿನ ಮೇಲೆ ಗೊರಕೆ ಹೊಡೆಯುವವನೂ ಅದಕ್ಕೆ ಎದ್ದು ಚೀಲ ಹುಡುಕುತ್ತಿದ್ದ. "ಪ್ರಯಾಣಿಕರ ಗಮನಕ್ಕೆ" ಅಂತ ಅವನು ಎಳೆದರೆ ರಚ್ಚೆ ಹಿಡಿದ ಮಕ್ಕಳು ಕೂಡ ಒಂದು ಗಳಿಗೆ ಬಾಯಿ ಮುಚ್ಚುತ್ತಿದ್ದವು.

ಬರೆದುಕೊಟ್ಟಿದ್ದನ್ನು ಓದುವುದು ಅವನ ಕೆಲಸ. ಅರ್ಥ ಕೇಳುವ ಉಸಾಬರಿ ಅವನಿಗೆ ಬೇಕಿರಲಿಲ್ಲ. ಒಂದು ಸಲ ಕಂಟ್ರೋಲರ್ ಸಾಹೇಬರು "ಬಸ್ಸು ಬರುವುದಿಲ್ಲವೆಂದು ಯಾರೂ ಹೋಗಬಾರದು" ಎಂದು ಬರೆದುಕೊಟ್ಟರು. ಇವನು ಓದಿದ. ಅರ್ಧ ಜನ, ಬಸ್ಸು ಬರುವುದಿಲ್ಲವಂತೆ ನಡಿ ಅಂತ ಎದ್ದು ಹೋದರು, ಇನ್ನರ್ಧ ಜನ ಕೂತೇ ಇದ್ದರು. ಬಸ್ಸು ಬಂತು, ಜಗಳವೂ ಬಂತು. ಮೈಕಣ್ಣ ಮಾತ್ರ, "ನಾನು ಒಂದಕ್ಷರ ತಪ್ಪು ಓದಿದ್ದರೆ ಕೇಳಿ" ಅಂತ ಕುಡಿಯುತ್ತಿದ್ದ ಟೀ ಕೂಡ ಕೆಳಗಿಡಲಿಲ್ಲ.

ಇಂಥವನಿಗೆ ಗಂಟಲು ನೋವು ಹಿಡಿಯಿತು. ಉಗುಳು ನುಂಗಿದರೆ ಪ್ರಾಣ ಹೋಗುವಷ್ಟು ನೋವು, ಜೊತೆಗೆ ಜ್ವರ. ಡಾಕ್ಟರು ಟಾರ್ಚು ಹಾಕಿ ನೋಡಿ ಮಾತ್ರೆ ಬರೆದುಕೊಟ್ಟರು. ಹೊರಗೆ ಸಾಲು ನಿಂತಿತ್ತು, ಅವರಿಗೂ ಪುರುಸೊತ್ತಿರಲಿಲ್ಲ. ಮೆಡಿಕಲ್ ಶಾಪಿನಾಕೆ ಪೆಟ್ಟಿಗೆ ಕೈಗಿಡುತ್ತಾ, "ಕೋರ್ಸ್ ಕಂಪ್ಲೀಟ್ ಮಾಡಿ ಅಣ್ಣ, ಮರೀಬೇಡಿ" ಅಂದಳು.

"ಈ ವಯಸ್ಸಲ್ಲಿ ನಂಗೆ ಇನ್ಯಾವ ಕೋರ್ಸಮ್ಮಾ?"

ಆಕೆ ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು ನಕ್ಕಳು. ಅವನು ತಮಾಷೆ ಮಾಡಿರಲಿಲ್ಲ. ಇನ್ನೊಮ್ಮೆ ಕೇಳೋಣ ಅನ್ನುವಷ್ಟರಲ್ಲಿ ಹಿಂದಿದ್ದವನು ಮೊಣಕೈಯಿಂದ ತಿವಿದು ಮುಂದೆ ಬಂದ.

ಮನೆಯಲ್ಲಿ ಹೆಂಡತಿ ಆಗತಾನೇ ಲಾಂಡ್ರಿಯಿಂದ ಬಂದಿದ್ದಳು. ದಿನವೆಲ್ಲ ನಿಂತು ಊರವರ ಬಟ್ಟೆ ಇಸ್ತ್ರಿ ಮಾಡಿ ಕಾಲು ಊದಿಸಿಕೊಂಡು ಬರುವ ಹೆಂಗಸು. ಗೋಡೆಗೆ ಒರಗಿ ಕೂತವಳ ಮುಂದೆ ಇವನು ಪೆಟ್ಟಿಗೆ ಹಿಡಿದು, ಆ ನೋವಿನಲ್ಲೂ ಮೈಕಿನ ಮುಂದೆ ಕೂತವನ ಹಾಗೇ ಓದಿದ: "ಪೂರ್ತಿ ಮುಗಿಯುವವರೆಗೆ ತಪ್ಪದೆ ತೆಗೆದುಕೊಳ್ಳಿ."

ಆಮೇಲೆ ತಲೆ ಕೆರೆದುಕೊಂಡ. "ಏನು ಮುಗಿಯುವವರೆಗೆ?"

"ಮಾತ್ರೆ ಮುಗಿಯೋವರೆಗೆ. ಇನ್ನೇನು, ನಿಮ್ಮ ಆಯಸ್ಸಾ?"

"ಮಾತ್ರೆ ಅಂತ ಎಲ್ಲಿದೆ ಇಲ್ಲಿ? ನೋವು ಮುಗಿಯೋವರೆಗೆ ಅಂತ ಯಾಕಾಗಬಾರದು?"

"ಒಳಗೆ ಚೀಟಿ ಇರುತ್ತಲ್ರೀ, ನೋಡಿ."

ಚೀಟಿ ತೆಗೆದ. ಬಿಚ್ಚಿದಷ್ಟೂ ಬಿಚ್ಚಿಕೊಂಡು ಅರ್ಧ ಮಂಚ ಮುಚ್ಚಿತು. ಅಕ್ಷರವೋ, ದೇವರೇ ಓದಬೇಕು. ಹೆಂಡತಿಯ ಕನ್ನಡಕವನ್ನೂ ತನ್ನ ಕನ್ನಡಕದ ಮೇಲಿಟ್ಟುಕೊಂಡು ನೋಡಿದ. ಕಣ್ಣಲ್ಲಿ ನೀರು ಬಂತೇ ಹೊರತು ಒಂದು ಸಾಲು ತಲೆಗೆ ಹೋಗಲಿಲ್ಲ. ಮತ್ತೆ ಮೊದಲಿನಂತೆ ಮಡಚಲು ಹೋದರೆ ಅದೂ ಬಗ್ಗಲಿಲ್ಲ. ಉಂಡೆ ಮಾಡಿ ಮೂಲೆಗೆಸೆದ.

ಒಂದೆರಡು ದಿನ ನುಂಗುವಷ್ಟರಲ್ಲಿ ನೋವು ಮಂಗಮಾಯ. ಉಗುಳು ನುಂಗಿ ನೋಡಿದ, ನೀರು ಕುಡಿದು ನೋಡಿದ, ಬಚ್ಚಲಲ್ಲಿ ಕೂಗಿಯೂ ನೋಡಿದ. ಗಂಟಲು ಗಂಟೆಯ ಹಾಗಿತ್ತು. ಮುಗಿಯಿತಲ್ಲ ಅಂದುಕೊಂಡ. ಮಾತ್ರೆ ಅರ್ಧಕ್ಕರ್ಧ ಉಳಿದಿತ್ತು. ಎಸೆಯಲೋ ಇಡಲೋ ಗೊತ್ತಾಗದೆ ಪೆಟ್ಟಿಗೆಯನ್ನು ಜೇಬಲ್ಲಿಟ್ಟುಕೊಂಡು ಕೆಲಸಕ್ಕೆ ಹೋಗಿ ಕಂಟ್ರೋಲರ್ ಸಾಹೇಬರಿಗೆ ತೋರಿಸಿದ.

ಸಾಹೇಬರು ಎಲ್ಲದರಲ್ಲೂ ಮೂಗು ತೂರಿಸುವವರು, ಕೇಳಿದರೆ ಬಿಡುತ್ತಾರೆಯೇ? "ಅಯ್ಯೋ ಮಂಕೇ, ನೋಡಿಲ್ಲಿ" ಅಂತ ಬೆರಳಿಟ್ಟು ತೋರಿಸಿದರು. "ಪೂರ್ತಿ ಮುಗಿಯುವವರೆಗೆ" ಎಂಬ ಸಾಲಿನ ಕೆಳಗೇ, ಅದೇ ಬಣ್ಣದಲ್ಲಿ, "ಅವಧಿ ಮುಗಿಯುವುದು" ಎಂದು ಒಂದು ತಾರೀಖು ಅಚ್ಚಾಗಿತ್ತು. "ಈ ತಾರೀಖು ಮುಗಿಯೋವರೆಗೆ ಯಾವಾಗ ಬೇಕಾದ್ರೂ ತಗೋಬಹುದು ಅಂತ ಅರ್ಥ. ಇನ್ನೂ ಎರಡು ವರ್ಷ ಇದೆ. ಇಟ್ಕೋ, ಬೇಕಾಗುತ್ತೆ."

ಒಂದೇ ಸಾಲಿಗೆ ಮೂರು ಅರ್ಥ! ಹೆಂಡತಿ ಒಂದು ಹೇಳುತ್ತಾಳೆ, ಸಾಹೇಬರು ಇನ್ನೊಂದು, ಇವನದ್ದೇ ಬೇರೊಂದು. ತಲೆ ಕೆಟ್ಟು ಗೊಬ್ಬರವಾಯಿತು. ಕೊನೆಗೆ ಸಾಹೇಬರು ಓದಿದವರು, ಅವರ ಮಾತೇ ಇರಲಿ ಅಂತ ಪೆಟ್ಟಿಗೆಯನ್ನು ಬೀರುವಿನಲ್ಲಿ ಜೋಪಾನ ಮಾಡಿದ. ಹೆಂಡತಿ ಗೊಣಗಿದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕೆಲವು ವಾರ ಕಳೆದು ನೋವು ಮತ್ತೆ ಬಂತು. ಈ ಸಲ ಮೈಕಣ್ಣ ಹೆದರಲೇ ಇಲ್ಲ. ಡಾಕ್ಟರ ಸಾಲಿನಲ್ಲಿ ನಿಲ್ಲುವುದು ತಪ್ಪಿತಲ್ಲ ಅಂತ ಜಂಬದಿಂದ ಬೀರು ತೆಗೆದು ಉಳಿದಿದ್ದನ್ನು ನುಂಗಿದ. ನೋವು ಸ್ವಲ್ಪ ತಗ್ಗಿದ ಹಾಗೆ ಮಾಡಿತು, ಮಾತ್ರೆ ಖಾಲಿಯಾಯಿತು, ಆಮೇಲೆ ಶುರುವಾಯಿತು ನೋಡಿ. ಕತ್ತಿನ ಒಂದು ಪಕ್ಕ ಊದಿಕೊಂಡಿತು. ಒಂದು ಬೆಳಿಗ್ಗೆ ಮೈಕು ಹಾಕಿ "ಪ್ರಯಾಣಿಕರ" ಅಂದ, "ಗಮನಕ್ಕೆ" ಹೊರಡಲಿಲ್ಲ. ಬರೀ ಗಾಳಿ. ಹೊರಗಿದ್ದವರು ಮೈಕು ಕೆಟ್ಟಿದೆ ಅಂದುಕೊಂಡರು.

ದೊಡ್ಡ ಆಸ್ಪತ್ರೆಯಲ್ಲಿ, ಒಳಗೆ ಆಳದಲ್ಲಿ ಕೀವು ತುಂಬಿದೆ, ದನಿಯ ಜಾಗದವರೆಗೂ ಇಳಿದಿದೆ, ಕೊಯ್ದು ತೆಗೆಯಬೇಕು ಅಂದರು. ಕೊಯ್ದಾದ ಮೇಲೆ ಡಾಕ್ಟರಮ್ಮ ಮಂಚದ ಪಕ್ಕ ನಿಂತು ಹಳೆಯ ಮಾತ್ರೆಯ ಕತೆಯನ್ನೆಲ್ಲ ಹೆಂಡತಿಯಿಂದ ಕೇಳಿ ತಿಳಿದುಕೊಂಡರು. "ನೋವು ಹೋದ ಮಾತ್ರಕ್ಕೆ ಸೋಂಕು ಹೋಗಲ್ಲಪ್ಪ. ಕೊಟ್ಟಿದ್ದನ್ನ ನಾವು ಹೇಳಿದಷ್ಟು ದಿನ ನುಂಗಬೇಕು. ಉಳಿಸಿಟ್ಟು ಇನ್ನೊಂದು ಸಲಕ್ಕೆ ತಗೊಳ್ಳೋದಂತೂ ಬೇಡವೇ ಬೇಡ."

ಮೈಕಣ್ಣನಿಗೆ ಹೇಳಬೇಕಾದ್ದು ಬೆಟ್ಟದಷ್ಟಿತ್ತು. ಹಾಗಂತ ಪೆಟ್ಟಿಗೆಯ ಮೇಲೆ ಯಾಕೆ ಬರೆಯಲಿಲ್ಲ? ನಾನು ಜೀವನವಿಡೀ ಬರೆದಿದ್ದನ್ನೇ ಓದಿದವನು, ಬರೆಯದೇ ಬಿಟ್ಟಿದ್ದನ್ನು ಎಲ್ಲಿಂದ ಓದಲಿ? ಸಿಟ್ಟು ಪೆಟ್ಟಿಗೆಯ ಮೇಲೋ, ಸಾಹೇಬರ ಮೇಲೋ, ತನ್ನ ಮೇಲೋ ಅವನಿಗೇ ತಿಳಿಯಲಿಲ್ಲ. ಮಾತಾಡಕೂಡದು ಅಂತ ಕಟ್ಟಪ್ಪಣೆಯಿತ್ತು.

"ದನಿ ಬರುತ್ತಾ ಡಾಕ್ಟ್ರೇ?" ಹೆಂಡತಿ ಕೇಳಿದಳು.

"ಬರಬಹುದು. ಹೇಗೆ ಬರುತ್ತೆ ಅಂತ ಈಗಲೇ ಹೇಳಕ್ಕಾಗಲ್ಲಮ್ಮ."

ನೋಡಲು ಬಂದ ಕಂಟ್ರೋಲರ್ ಸಾಹೇಬರು ಮಾತ್ರೆಯ ಸುದ್ದಿಯನ್ನೇ ಎತ್ತಲಿಲ್ಲ. ದನಿ ಬಾರದಿದ್ದರೆ ಬಸ್ಸು ತೊಳೆಯುವ ಕಡೆ ಹಾಕುತ್ತೇವೆ, ಕೆಲಸಕ್ಕೇನೂ ಮೋಸವಿಲ್ಲ ಅಂತ ಸಮಾಧಾನ ಹೇಳಿ ಹೋದರು. ಆ ಸಮಾಧಾನ ಕೇಳಿ ಮೈಕಣ್ಣ ಗೋಡೆಯ ಕಡೆ ತಿರುಗಿ ಮಲಗಿ ಅತ್ತ. ಸಂಬಳ ಎಲ್ಲಿಂದಲಾದರೂ ಬಂದೀತು. ಆ ಕಿಂಡಿ, ಆ ಮೈಕು, ತನ್ನ ಮಾತಿಗೆ ಇಡೀ ನಿಲ್ದಾಣ ಎದ್ದು ನಿಲ್ಲುವ ಆ ಗಳಿಗೆ, ಅದನ್ನು ಎಲ್ಲಿಂದ ತರುವುದು?

ಮನೆಗೆ ಕಳಿಸುವಾಗ ಕೊಟ್ಟ ಮಾತ್ರೆಯದು ಬೇರೆ ಥರದ ಪೆಟ್ಟಿಗೆ. ಒಂದೊಂದು ಮಾತ್ರೆಯ ಕೆಳಗೂ ದಿನ ಅಚ್ಚಾಗಿತ್ತು. ನಡುವಿನ ಸಾಲಿನ ಪಕ್ಕ, ಹೆಂಡತಿಯ ಕನ್ನಡಕ ಬೇಡದಷ್ಟು ದೊಡ್ಡದಾಗಿ ಬರೆದಿತ್ತು: "ಈಗ ಹುಷಾರಾಗಿದ್ದೀರಾ? ಆದರೂ ನುಂಗಿ. ಕೊನೆಯ ಮಾತ್ರೆಯವರೆಗೂ ನುಂಗಿ. ಉಳಿಸಬೇಡಿ, ಯಾರಿಗೂ ಕೊಡಬೇಡಿ." ಆ ಸಾಲಿಗೆ ಬಂದ ದಿನ ಅವನು ನಿಜಕ್ಕೂ ಹುಷಾರಾಗಿದ್ದ. ಇದಕ್ಕೆ ಹೇಗೆ ಗೊತ್ತಾಯಿತು ಅಂತ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಹೆಂಡತಿ ನೀರಿನ ಲೋಟ ಹಿಡಿದು ನಿಂತಿದ್ದಳು, "ಇನ್ನೂ ಅರ್ಥ ಹುಡುಕ್ತಿದ್ದೀರಾ?" ಅಂದಳು. ತೆಪ್ಪಗೆ ನುಂಗಿದ. ಕೊನೆಯದನ್ನೂ ನುಂಗಿದ.

ದನಿ ಬಂತು. ಆದರೆ ಯಾರದ್ದೋ ಬಂತು. ಮರಳಿನ ಮೇಲೆ ಡಬ್ಬ ಎಳೆದ ಹಾಗೆ, ಕರಕರ ಅಂತ. ಬಚ್ಚಲಲ್ಲಿ ಮೊದಲ ಸಲ ಕೂಗಿದಾಗ ಪಕ್ಕದ ಮನೆಯವನಿರಬೇಕು ಅಂತ ಅವನೇ ಕಿಟಕಿಯಲ್ಲಿ ಇಣುಕಿದ. ಡಾಕ್ಟರಮ್ಮ, ಇನ್ನು ಹೀಗೇ ಇರುತ್ತೆ, ಕೆಲಸ ಮಾಡಬಹುದು ಅಂದರು. ಕಂಟ್ರೋಲರ್ ಸಾಹೇಬರು ದೂರದ ಬೆಂಚಿನಲ್ಲಿ ಕೂತು ಪರೀಕ್ಷೆ ಮಾಡಿ, "ಕೇಳಿಸುತ್ತೆ, ಸಾಕು ಬಿಡು" ಅಂದರು. ಹೀಗೆ ಕುರ್ಚಿ ಉಳಿಯಿತು.

ಮತ್ತೆ ಕೆಲಸಕ್ಕೆ ಬಂದ ಮೊದಲ ದಿನ ಮೈಕಣ್ಣ ಮೈಕು ಹಾಕಿ "ಪ್ರಯಾಣಿಕರ ಗಮನಕ್ಕೆ" ಅಂದ. ಯಾರೂ ತಲೆ ಎತ್ತಲಿಲ್ಲ. ಇನ್ನೊಮ್ಮೆ ಅಂದ. ಮಕ್ಕಳು ಗಲಾಟೆ ಮಾಡುತ್ತಲೇ ಇದ್ದವು, ಬೆಂಚಿನವನು ಗೊರಕೆ ಹೊಡೆಯುತ್ತಲೇ ಇದ್ದ. ಏನು ತಪ್ಪಿತು ಅಂತ ಅವನಿಗೆ ಹೊಳೆಯಲಿಲ್ಲ. ಮಾತು ಅದೇ, ಮೈಕು ಅದೇ.

ಸ್ವಲ್ಪ ಹೊತ್ತಿಗೆ ಕಿಂಡಿಯ ಹತ್ತಿರ ಒಬ್ಬ ಮುದುಕಿ ತಡಕಾಡುತ್ತಾ ಬಂದಳು. ಕಣ್ಣು ಮಂಜಾದವಳು, ಬೋರ್ಡು ಓದಲಾರಳು. ಮಗಳ ಊರಿಗೆ ಹೋಗುವ ಅವಳ ಬಸ್ಸು ಅದಾಗಲೇ ಹೊರಟು ಹೋಗಿತ್ತು.

"ಏನಪ್ಪಾ, ಇಲ್ಲಿ ಕೂಗ್ತಿದ್ದರಲ್ಲ ಅವರು, ಎಲ್ಲಿ? ಅವರ ದನಿ ಕೇಳಿದ್ರೆ ನಾನು ಏಳೋದು. ಇವತ್ತು ಕಾದೂ ಕಾದೂ ಕೂತೇಬಿಟ್ಟೆ."

ಮೈಕಣ್ಣ ತಬ್ಬಿಬ್ಬಾಗಿ ಬಾಯಿಗೆ ಬಂದಿದ್ದನ್ನು ಹೇಳಿದ. "ಅವರು ಮಾತ್ರೆ ಅರ್ಧಕ್ಕೇ ಬಿಟ್ಟುಬಿಟ್ರು ಅಜ್ಜಿ."

"ಅಯ್ಯೋ ಪಾಪ! ಹೋಗಿಬಿಟ್ರಾ?"

"ಇಲ್ಲ ಇಲ್ಲ. ನಾನೇ ಅಜ್ಜಿ ಅದು. ನಾನೇ ಕೂಗ್ತಿದ್ದಿದ್ದು."

ಮುದುಕಿ ಕಿಂಡಿಗೆ ಕಿವಿಯಿಟ್ಟು ಆಲಿಸಿದಳು. ಆಮೇಲೆ ಇಲ್ಲವೆಂದು ತಲೆಯಾಡಿಸಿದಳು.

"ಸುಮ್ನಿರಪ್ಪ, ಹೋದವರ ಹೆಸರಲ್ಲಿ ತಮಾಷೆ ಮಾಡ್ತಾರಾ? ಅವರ ದನಿ ನಂಗೊತ್ತಿಲ್ವಾ?"