ಅಕ್ಕನ ಹೆಗಲಿಗೆ ತಕ್ಕ ಲ್ಯಾಪ್‌ಟಾಪ್

ಆ ಕಂಪ್ಯೂಟರ್ ಸೆಂಟರಿನ ಮಾಲೀಕ ಏಪ್ರಿಲ್ ಬಿಸಿಲಿನಲ್ಲೂ ಟೈ ಕಟ್ಟುತ್ತಿದ್ದ. ಯಂತ್ರಗಳಿಗೆ ಧೂಳು ಆಗಿಬರುವುದಿಲ್ಲ ಎಂದು ಬಂದವರಿಗೆಲ್ಲ ಬಾಗಿಲಲ್ಲೇ ಚಪ್ಪಲಿ ಬಿಡಿಸುತ್ತಿದ್ದ. ತಾನು ಮಾತ್ರ ಬೂಟು ಹಾಕಿಕೊಂಡೇ ಒಳಗೆಲ್ಲ ಓಡಾಡುತ್ತಿದ್ದ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಸಿಂಧನೂರಿನಲ್ಲಿ ನನ್ನದೊಂದು ಟೈಪಿಂಗ್ ಶಾಲೆ ಇತ್ತು. ಹುಡುಗರು ಒಬ್ಬೊಬ್ಬರಾಗಿ ನನ್ನನ್ನು ಬಿಟ್ಟು ಅವನ ಕಡೆ ಹೋಗುತ್ತಿದ್ದರು, ಹಾಗಾಗಿ ಅವನನ್ನು ಕಂಡರೆ ನನಗೆ ಆಗದಿದ್ದುದಕ್ಕೆ ಹೊಟ್ಟೆಕಿಚ್ಚೂ ಒಂದು ಕಾರಣ. ಆದರೆ ಅದೊಂದೇ ಅಲ್ಲ. ಅವನ ಬಾಯಿಂದ ಒಂದು ಇಂಗ್ಲಿಷ್ ಪದ ಹೊರಬಿದ್ದರೆ ಸಾಕು, ಎದುರಿನವರು ತಲೆಯಾಡಿಸುತ್ತಿದ್ದರು. ತಲೆಯಾಡಿಸಿದವರಲ್ಲಿ ನಾನೂ ಒಬ್ಬ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನನ್ನ ಅಕ್ಕ ಹಳ್ಳಿಯ ಸೂಲಗಿತ್ತಿಯರಿಗೆ ತರಬೇತಿ ಕೊಡುವ ಕೆಲಸದಲ್ಲಿದ್ದಳು. ಮೊದಲು ದವಾಖಾನೆಯಲ್ಲಿ ನರ್ಸ್ ಆಗಿದ್ದಳು. ಆಮೇಲೆ ಲಿಂಗಸೂಗೂರಿನಲ್ಲಿ ಕಚೇರಿ ಇದ್ದ ಒಂದು ಸೇವಾ ಸಂಸ್ಥೆ ಸೇರಿದಳು. ವಾರದಲ್ಲಿ ಐದು ದಿನ ಬಸ್ಸಿನಲ್ಲೇ ಇರುತ್ತಿದ್ದಳು. ಒಂದು ದಿನ ಜವಳಗೇರಾ, ಇನ್ನೊಂದು ದಿನ ಆರ್.ಎಚ್. ಕ್ಯಾಂಪ್, ಮರುದಿನ ಮಸ್ಕಿಯ ಆಚೆಯ ಬಯಲು ಸೀಮೆಯ ಹಳ್ಳಿಗಳು. ಅವಳ ಬಲ ಹೆಗಲು ಮೊದಲೇ ನೋಯುತ್ತಿತ್ತು. ಅದರ ಮೇಲೊಂದು ಚೀಲ. ಅದರಲ್ಲಿ ರಕ್ತದ ಒತ್ತಡ ನೋಡುವ ಸಾಮಾನು, ಹೆರಿಗೆಯ ಚಿತ್ರಪಟಗಳ ಸುರುಳಿ, ರೊಟ್ಟಿಯ ಗಂಟು, ನೀರಿನ ಬಾಟಲಿ, ಜೊತೆಗೆ ಮಗು ತಿರುಗುವುದನ್ನು ತೋರಿಸಲು ತಾನೇ ಹೊಲಿದಿದ್ದ ಒಂದು ಬಟ್ಟೆಯ ಗೊಂಬೆ.

ಒಂದು ದಿನ ಸಂಸ್ಥೆಯಿಂದ ಅವಳಿಗೆ ಪತ್ರ ಬಂತು. ಅಕ್ಕನಂಥ ಎಲ್ಲ ಮೇಲ್ವಿಚಾರಕರೂ ಇನ್ನು ಮುಂದೆ ವರದಿಯನ್ನು ಲ್ಯಾಪ್‌ಟಾಪಿನಲ್ಲೇ ಬರೆಯಬೇಕು, ತಮಗೆ ಬೇಕಾದ್ದನ್ನು ತಾವೇ ಆರಿಸಿ ತಿಳಿಸಬೇಕು, ಸಂಸ್ಥೆ ಕೊಡಿಸುತ್ತದೆ. ಅಕ್ಕ ಅಲ್ಲಿಯವರೆಗೆ ಕ್ಯಾಲ್ಕುಲೇಟರನ್ನೂ ಮುಟ್ಟಿದವಳಲ್ಲ. ಪತ್ರ ಹಿಡಿದುಕೊಂಡು ನೇರವಾಗಿ ನನ್ನ ಶಾಲೆಗೆ ಬಂದಳು.

"ತಮ್ಮಾ, ನಿನಗ ಈ ಕೀಲಿ ಗೀಲಿ ಎಲ್ಲಾ ಗೊತ್ತೈತಿ. ನಂಗೊಂದು ಆರಿಸಿ ಕೊಡು."

ನನಗೆ ಲ್ಯಾಪ್‌ಟಾಪಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಅದನ್ನು ಹೇಳುವ ಬದಲು, "ಅದಕ್ಕೇನಂತ, ನಾಳೆ ಹೋಗೂಣು" ಅಂದೆ.

ಮರುದಿನ ಚಪ್ಪಲಿ ಬಿಟ್ಟು ಸೆಂಟರಿನ ಒಳಗೆ ಹೋದೆವು. ಲ್ಯಾಪ್‌ಟಾಪ್ ಬೇಕಾದದ್ದು ಅಕ್ಕನಿಗೆ. ಆ ಮನುಷ್ಯ ಮಾತಾಡಿದ್ದೆಲ್ಲ ನನ್ನ ಜೊತೆ. ಅಕ್ಕನಿಗೆ ಕುರ್ಚಿ ತೋರಿಸಿದ, ಅಷ್ಟೇ. ತನ್ನ ಬಳಿ ತೋರಿಸಲೆಂದು ತರಿಸಿಟ್ಟಿದ್ದ ಕಪ್ಪು ಯಂತ್ರವೊಂದನ್ನು ಮೇಜಿನ ಮೇಲಿಟ್ಟು ಪ್ರೊಸೆಸರ್, ರ್‍ಯಾಮ್, ಹಾರ್ಡ್ ಡಿಸ್ಕ್ ಎಂದು ಒಂದೇ ಉಸಿರಿನಲ್ಲಿ ಶುರುಮಾಡಿದ. ಸಿನಿಮಾ ನೋಡಬಹುದು, ಹಾಡು ಕೇಳಬಹುದು, ಮುಂದೆ ಇಂಟರ್ನೆಟ್ ಬಂದಾಗ ಅದಕ್ಕೂ ಆಗುತ್ತದೆ ಅಂದ. ಅವನಿಗೆ ಅದರಲ್ಲಿ ಅರ್ಧವೂ ಗೊತ್ತಿರಲಿಲ್ಲ ಎಂದು ಈಗ ನನಗೆ ತಿಳಿಯುತ್ತದೆ. ಒಂದೇ ಅಂಕಿಯನ್ನು ಒಮ್ಮೆ ಮೆಮೊರಿ ಎಂದ, ಇನ್ನೊಮ್ಮೆ ಸ್ಪೀಡ್ ಎಂದ. ನಾನು "ಹೌದ್ಹೌದು" ಎನ್ನುತ್ತ ಕೂತಿದ್ದೆ.

ಅಕ್ಕ ಎದ್ದು ಆ ಯಂತ್ರವನ್ನು ಎರಡೂ ಕೈಯಿಂದ ಎತ್ತಿ ನೋಡಿದಳು.

"ಇದು ವಜ್ಜಿ ಆತಲ್ರಿ?"

"ಬರೇ ನಾಕು ಕಿಲೋ ಮೇಡಂ."

"ಆ ಕರೀ ಇಟ್ಟಂಗಿ ಯಾವುದು?"

"ಅದು ಚಾರ್ಜರ್ ಮೇಡಂ. ಅದರ ತೂಕ ಬ್ಯಾರೆ."

"ನಾ ದಿನಾ ಬಸ್ಸಿನ್ಯಾಗ ಹೊತಗೊಂಡು ಅಡ್ಡಾಡಾಕಿ ಅದೀನ್ರಿ."

ಅವನು ನಕ್ಕ. ಅಕ್ಕನ ಕಡೆ ನೋಡಿ ಅಲ್ಲ, ನನ್ನ ಕಡೆ ನೋಡಿ. "ಸರ್, ಹೆಣ್ಮಕ್ಕಳು ಬಣ್ಣ ನೋಡ್ತಾರ, ಇಲ್ಲಾಂದ್ರ ತೂಕ ನೋಡ್ತಾರ. ನಾವು ಒಳಗಿಂದು ನೋಡಬೇಕು." ನಾನೂ ನಕ್ಕೆ. ಆ ನಗೆ ನೆನಪಾದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯ ಬರುತ್ತದೆ. ಹೊರಗೆ ಬಂದ ಮೇಲೆ ಅಕ್ಕನಿಗೆ ಬುದ್ಧಿ ಬೇರೆ ಹೇಳಿದೆ: ದೊಡ್ಡದೇ ತಗೋ, ಕೀಲಿ ಅಗಲವಾಗಿವೆ, ಮುಂದೆ ಬೇಕಾಗುತ್ತದೆ.

"ಮುಂದ ಏನು ಬೇಕಾಕ್ಕೈತಿ ತಮ್ಮಾ? ನಾ ಬಾಣಂತ್ಯಾರ ಸುದ್ದಿ ಬರಿಯಾಕಿ. ಸಿನಿಮಾ ಯಾರು ನೋಡ್ತಾರ?"

ನಾನು ಮತ್ತೆ ಅಗಲ ಕೀಲಿಗಳ ಮಾತನ್ನೇ ಎತ್ತಿದೆ.

ಅಕ್ಕ ಆಮೇಲೆ ಮಾಡಿದ್ದನ್ನು ನಾನಾಗಿದ್ದರೆ ಎಂದೂ ಯೋಚಿಸುತ್ತಿರಲಿಲ್ಲ. ಕಿರಾಣಿ ಅಂಗಡಿಯಲ್ಲಿ ಐದು ಕಿಲೋ ಜೋಳ ತೂಗಿಸಿ, ಗಟ್ಟಿಯಾದ ಬಟ್ಟೆಯಲ್ಲಿ ಕಟ್ಟಿ, ತನ್ನ ಚೀಲದಲ್ಲಿ ಹಾಕಿಕೊಂಡಳು. ನಾಲ್ಕು ಕಿಲೋ ಯಂತ್ರಕ್ಕೆ, ಒಂದು ಕಿಲೋ ಚಾರ್ಜರಿಗೆ. ಅದನ್ನು ಹೊತ್ತುಕೊಂಡೇ ಒಂದು ವಾರ ಊರೂರು ತಿರುಗುತ್ತೇನೆ ಅಂದಳು. ಎರಡನೆಯ ದಿನ ನಾನೂ ಜೊತೆಗೆ ಹೋದೆ, ಇದು ಹುಚ್ಚಾಟ ಎಂದು ಅವಳಿಗೆ ತೋರಿಸಿಕೊಡಲು.

ಸಿಂಧನೂರಿನಿಂದ ಮಸ್ಕಿಯವರೆಗೆ ನಿಂತೇ ಹೋದೆವು. ಅಕ್ಕ ಒಂದು ಕೈಯಲ್ಲಿ ಮೇಲಿನ ಸರಳು ಹಿಡಿದು, ಇನ್ನೊಂದರಲ್ಲಿ ಚೀಲ ತಬ್ಬಿಕೊಂಡು ನಿಂತಿದ್ದಳು. ಮಸ್ಕಿಯಲ್ಲಿ ಇಳಿದು ಒಂದು ಹಳ್ಳಿಗೆ ಟ್ರ್ಯಾಕ್ಟರಿನಲ್ಲಿ ಹೋದೆವು. ಅಲ್ಲಿ ಆರೇಳು ಮಂದಿ ಸೂಲಗಿತ್ತಿಯರು ಗುಡಿಯ ಕಟ್ಟೆಯ ಮೇಲೆ ಕಾದಿದ್ದರು. ಅಕ್ಕ ಚೀಲದಿಂದ ಗೊಂಬೆ ತೆಗೆಯುವಾಗ ಜೋಳದ ಗಂಟೂ ಹೊರಬಂತು.

"ಇದೇನಬೇ, ನಮಗ ಜ್ವಾಳ ತಂದಿಯೇನು?" ಎಂದು ಒಬ್ಬ ಮುದುಕಿ ಕೇಳಿದಳು.

"ಜ್ವಾಳ ಅಲ್ಲಬೇ, ಕಂಪ್ಯೂಟರ್."

ಎಲ್ಲರೂ ನಕ್ಕರು. ಆದರೆ ಮಧ್ಯಾಹ್ನ ಲಿಂಗಸೂಗೂರಿನಲ್ಲಿ ಬಸ್ಸು ಇಳಿಯುವಾಗ ಅಕ್ಕನಿಗೆ ಬಲಗೈ ಎತ್ತಲಾಗಲಿಲ್ಲ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು, ಗಂಟು ಬಿಚ್ಚಿ, ಪಕ್ಕದಲ್ಲಿ ಕೂತಿದ್ದ ಒಬ್ಬ ಹೆಂಗಸಿನ ಸೆರಗಿಗೆ ಬೊಗಸೆ ಬೊಗಸೆಯಾಗಿ ಜೋಳ ಸುರಿದಳು. ಹಗುರಾದ ಚೀಲವನ್ನು ಹೆಗಲಿಗೇರಿಸಿ ನಾಲ್ಕು ಹೆಜ್ಜೆ ನಡೆದು ನೋಡಿದಳು. ಮತ್ತೆ ಬಂದು ಇನ್ನಷ್ಟು ಸುರಿದಳು. ಉಳಿದದ್ದನ್ನು ಹತ್ತಿರದ ಅಂಗಡಿಯ ತಕ್ಕಡಿಗೆ ಹಾಕಿಸಿದಾಗ ಎರಡು ಕಿಲೋಗೆ ಸ್ವಲ್ಪ ಕಡಿಮೆ ಇತ್ತು.

"ಇಷ್ಟು ಹೊರತೀನಿ. ಇದಕ್ಕಿಂತ ಹೆಚ್ಚಿಂದು ಬ್ಯಾಡ. ಚಾರ್ಜರ್ ಹಿಡದು ಹೇಳಾಕತ್ತೀನಿ ಮತ್ತ."

ಅಲ್ಲಿಂದಲೇ ಅವಳ ಕಚೇರಿಗೆ ಹೋದೆವು. ಅಲ್ಲಿನ ಮ್ಯಾನೇಜರ್ ದಕ್ಷಿಣದ ಜಿಲ್ಲೆಯೊಂದರಿಂದ ಬಂದವನು. ಫ್ಯಾನಿನ ಕೆಳಗಿನ ಕುರ್ಚಿ ಬಿಟ್ಟು ಹಳ್ಳಿಯ ಕಡೆ ಹೋದವನಲ್ಲ. ಹೋಗದ ಹಳ್ಳಿಗಳ ಬಗ್ಗೆ ಮಾತ್ರ ಅವನಿಗೆ ಎಲ್ಲ ಗೊತ್ತಿತ್ತು. ತನಗಾಗಿ ಆಗಲೇ ದೊಡ್ಡ ಲ್ಯಾಪ್‌ಟಾಪ್ ತರಿಸಿಕೊಂಡು, ಮೇಜಿನ ಮೇಲಿಟ್ಟು, ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದ. ನಾವಿದ್ದಷ್ಟು ಹೊತ್ತು ಆ ಬಟ್ಟೆ ತೆಗೆಯಲಿಲ್ಲ.

"ಎಲ್ಲರೂ ಇದೇ ಮಾಡೆಲ್ ತಗೊಳ್ಳಿ ಮೇಡಂ. ಸಣ್ಣದೆಲ್ಲ ಆಟದ ಸಾಮಾನು. ದುಡ್ಡು ಕೊಡೋ ಡೋನರ್‌ಗಳು ಬಂದಾಗ ನಮ್ಮ ಕೈಲಿ ಅಂಥದ್ದು ಕಂಡರೆ ಏನಂದ್ಕೋತಾರೆ?"

"ಸರ್, ಪತ್ರದಾಗ ನಮಗ ಬೇಕಾದ್ದು ಆರಿಸ್ರಿ ಅಂತ ಬರದೈತಿ."

"ನಿಮಗೆ ಏನು ಬೇಕು ಅಂತ ನಿಮಗೆ ಗೊತ್ತಿರಬೇಕಲ್ಲ ಮೇಡಂ."

"ಗೊತ್ತೈತ್ರಿ. ಈಗಷ್ಟೆ ತೂಗಿಸಿಕೊಂಡು ಬಂದೀನಿ."

ಅವನಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವ ಗೋಜಿಗೂ ಅವನು ಹೋಗಲಿಲ್ಲ. ಕೈಬೀಸಿ ಕಳಿಸಿದ.

ಅಕ್ಕನಿಗೆ ಅವನ ಮೇಲೆ ಹಳೆಯ ಸಿಟ್ಟೊಂದಿತ್ತು. ಹಿಂದಿನ ಮಳೆಗಾಲದಲ್ಲಿ ಕಾಲುವೆಯ ತುದಿಯ ಒಂದು ಹಳ್ಳಿಯಲ್ಲಿ ಬಾಣಂತಿಯೊಬ್ಬಳು ತೀರಿಕೊಂಡಿದ್ದಳು. ಸೂಲಗಿತ್ತಿ ಬೆಳಿಗ್ಗೆಯೇ ಕಷ್ಟ ಗುರುತಿಸಿ, ಟ್ರ್ಯಾಕ್ಟರ್ ತರಿಸಿ ಪಟ್ಟಣಕ್ಕೆ ಒಯ್ಯಿರಿ ಎಂದು ಮನೆಯವರೆದುರು ಕೂಗಾಡಿದ್ದಳು. ಟ್ರ್ಯಾಕ್ಟರ್ ಗದ್ದೆಯ ಕೆಸರಲ್ಲಿ ಹೂತು ಮಧ್ಯಾಹ್ನದವರೆಗೆ ಮೇಲೆ ಬರಲಿಲ್ಲ. ಅಕ್ಕ ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದು ಕೊಟ್ಟಳು. ಕಚೇರಿಯಲ್ಲಿ ಟೈಪಾಗಿ ಹೊರಬಂದಾಗ ಒಂದೇ ಸಾಲಿತ್ತು: ಸೂಲಗಿತ್ತಿಯ ಅಜ್ಞಾನದಿಂದ ಸಾವು. ಕೇಳಿದ್ದಕ್ಕೆ ಮ್ಯಾನೇಜರ್, "ಅಷ್ಟುದ್ದ ಯಾರು ಓದ್ತಾರೆ ಮೇಡಂ, ಸಾರಾಂಶ ಹಾಕಿದೀವಿ" ಅಂದನಂತೆ. ತನ್ನ ಬರಹ ತನ್ನ ಕೈಯಲ್ಲೇ ಇರಬೇಕೆಂದು ಅಕ್ಕ ಅಂದೇ ನಿಶ್ಚಯಿಸಿದ್ದಳು. ಈ ವಿಷಯ ನನಗೆ ಗೊತ್ತಾದದ್ದು ಮರಳಿ ಬರುವ ಬಸ್ಸಿನಲ್ಲಿ. ಲ್ಯಾಪ್‌ಟಾಪ್ ಯಾಕೆ ಬೇಕು ಎಂದು ಅಲ್ಲಿಯವರೆಗೆ ನಾನೂ ಕೇಳಿರಲಿಲ್ಲ.

ಟೈಪ್‌ರೈಟರಿನ ಬಿಡಿಭಾಗಗಳಿಗೆ ನಾನು ಹೈದರಾಬಾದಿನ ಒಂದು ಅಂಗಡಿಗೆ ಹೋಗುತ್ತಿದ್ದೆ. ಅದನ್ನು ನಡೆಸುತ್ತಿದ್ದ ಸಾಹೇಬರು ನಮ್ಮ ಲಿಂಗಸೂಗೂರಿನ ಕಡೆಯಿಂದಲೇ ಹೋಗಿ ನೆಲೆಸಿದವರು. ಆಗ ಅವರು ಹಳೆಯ ಕಂಪ್ಯೂಟರುಗಳ ರಿಪೇರಿಯನ್ನೂ ಶುರುಮಾಡಿದ್ದರು. ಅಕ್ಕನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಅಭ್ಯಾಸಬಲದಿಂದ ನಾನೇ ಪ್ರೊಸೆಸರ್, ರ್‍ಯಾಮ್ ಎಂದು ಬಾಯಿ ತೆರೆದೆ. ಸಾಹೇಬರು ಕೈ ಅಡ್ಡ ಹಿಡಿದರು.

"ನೀವು ಸುಮ್ಕಿರ್ರಿ ಮಾಸ್ತರ. ಅಕ್ಕಾರ, ನೀವ ಹೇಳ್ರಿ. ಎಲ್ಲಿ ಕುಂತು ಬರೀತೀರಿ?"

"ಕಟ್ಟಿ ಮ್ಯಾಗ, ಬಸ್ಸಿನ್ಯಾಗ, ಗಿಡದ ಬುಡಕ. ಎಲ್ಲೆ ಜಾಗ ಸಿಗತೈತಿ ಅಲ್ಲೆ."

"ಕರೆಂಟು?"

"ಇರತೈತಿ, ಹೋಗತೈತಿ."

ಅವರು ಒಳಗಿನಿಂದ ಒಂದು ಹಳೆಯ ಸಣ್ಣ ಲ್ಯಾಪ್‌ಟಾಪ್ ತಂದರು. ದೊಡ್ಡ ಪುಸ್ತಕದಷ್ಟಿತ್ತು. ಮೂಲೆಯ ಬಣ್ಣ ಸವೆದಿತ್ತು. ಅದರ ಗುಣ ಹೇಳುವ ಮೊದಲು ದೋಷಗಳನ್ನೇ ಹೇಳಿದರು. ಪರದೆ ಚಿಕ್ಕದು. ಕೀಲಿಗಳು ಇಕ್ಕಟ್ಟು, ಮೊದಲ ತಿಂಗಳು ಬೆರಳು ತಪ್ಪುತ್ತವೆ. ಫ್ಲಾಪಿ ಹಾಕುವ ಪೆಟ್ಟಿಗೆ ಬೇರೆಯೇ ಇದೆ, ಅದನ್ನು ಮನೆಯಲ್ಲೇ ಬಿಡಬೇಕು. ವೇಗವಿಲ್ಲ, ಸಿನಿಮಾ ಗಿನಿಮಾ ನಡೆಯುವುದಿಲ್ಲ. ಬರೆಯಲು ಮಾತ್ರ ಏನೂ ಕಡಿಮೆಯಿಲ್ಲ. ಹೊಸ ಬ್ಯಾಟರಿ ಹಾಕಿಕೊಟ್ಟರೆ ಎರಡು ತಾಸಿನ ಮೇಲೆ ಬರುತ್ತದೆ. ಆಮೇಲೆ ಅಕ್ಕನನ್ನು ಅಂಗಡಿಯ ಹೊರಗೆ ಬಿಸಿಲಲ್ಲಿ ಸ್ಟೂಲಿನ ಮೇಲೆ ಕೂರಿಸಿ, ತೊಡೆಯ ಮೇಲೆ ಅದನ್ನಿಟ್ಟು, ಅಕ್ಷರ ಕಾಣುತ್ತವೆಯೇ ನೋಡಿ ಅಂದರು. ಅಕ್ಕ ಸೆರಗನ್ನು ಪರದೆಗೆ ಮರೆ ಹಿಡಿದು, "ಕಾಣತೈತಿ" ಅಂದಳು. ಮುಚ್ಚಳವನ್ನು ಹತ್ತು ಸಲ ತೆಗೆದು ಮುಚ್ಚಿ ನೋಡಿದಳು. ಕೊನೆಗೆ ಚಾರ್ಜರಿನ ಸಮೇತ ತನ್ನ ಚೀಲಕ್ಕೆ ಹಾಕಿ ಬೀದಿಯ ಆ ತುದಿಯವರೆಗೆ ನಡೆದು ಬಂದಳು.

"ಇದ ಇರಲಿ."

ನಾನು ಆಗಲೂ ಬಾಯಿ ಮುಚ್ಚಲಿಲ್ಲ. "ಹಳೇದೈತಲ್ಲ ಅಕ್ಕಾ" ಅಂದೆ.

"ನಾನೂ ಹಳೇಕೀನ ಅದೀನಿ. ನಡಿ."

ಮ್ಯಾನೇಜರ್ ಹಳೆಯ ಮಾಲಿಗೆ ಒಪ್ಪಿಗೆ ಕೊಡಲು ಎರಡು ತಿಂಗಳು ಸತಾಯಿಸಿದ. ಅಕ್ಕ ವಾರಕ್ಕೊಮ್ಮೆ ಹೋಗಿ ಅವನೆದುರು ಆ ಪತ್ರವನ್ನು ಇಡುತ್ತಿದ್ದಳು. ಕೊನೆಗೆ ಬೇಸತ್ತು ಸಹಿ ಹಾಕಿದ. ಕಂಪ್ಯೂಟರ್ ಸೆಂಟರಿನವನು ಸುದ್ದಿ ಕೇಳಿ, "ಮಾಸ್ತರಿಗೆ ಯಾರೋ ಟೋಪಿ ಹಾಕ್ಯಾರ" ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ನಾನು ಅಕ್ಕನಿಗೆ ಕನ್ನಡ ಕೀಲಿಗಳನ್ನು ಕಲಿಸಿದೆ. ಒಂದೇ ಬೆರಳಿನಲ್ಲಿ ಹೊಡೆಯುತ್ತಿದ್ದಳು. ಹತ್ತೂ ಬೆರಳು ಬಳಸು ಎಂದು ಗದರಿದರೆ, "ನನಗ ಪರೀಕ್ಷೆ ಐತೇನು?" ಎನ್ನುತ್ತಿದ್ದಳು. ದಾವಣಿ ಹಾಕಿದ ಹುಡುಗಿಯರು ಪಟಪಟ ಹೊಡೆಯುವ ನನ್ನ ಶಾಲೆಯಲ್ಲಿ ಅವಳ ಒಂಟಿ ಬೆರಳು ನೋಡಿ ನನಗೆ ನಾಚಿಕೆಯಾಗುತ್ತಿತ್ತು. ಎಂಥ ಮನುಷ್ಯ ನಾನು!

ಆ ವರ್ಷ ಭತ್ತದ ಕೊಯ್ಲಿನ ಹೊತ್ತಿಗೆ ಅಕ್ಕ ಕಾಲುವೆಯ ತುದಿಯ ಆ ಹಳ್ಳಿಗೆ ಮತ್ತೆ ಹೋದಳು. ನಾನೂ ಹೋಗಿದ್ದೆ. ಅಜ್ಞಾನಿ ಎಂದು ಕಾಗದದಲ್ಲಿ ಬರೆಸಿಕೊಂಡಿದ್ದ ಆ ಮುದಿ ಸೂಲಗಿತ್ತಿ ಕಣದ ಪಕ್ಕದ ಬೇವಿನ ಕೆಳಗೆ ಅಕ್ಕನ ಎದುರು ಕೂತು, ಆ ದಿನದ ಕತೆಯನ್ನು ಮೊದಲಿನಿಂದ ಹೇಳಿದಳು. ಅಕ್ಕ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದೊಂದೇ ಅಕ್ಷರ ಒತ್ತಿದಳು. ಕರೆಂಟು ಇರಲಿಲ್ಲ, ಬೇಕಾಗಲೂ ಇಲ್ಲ. ಬರೆದು ಮುಗಿಸಿ ಗಟ್ಟಿಯಾಗಿ ಓದಿದಳು.

ಮುದುಕಿ ಕಣ್ಣು ಮುಚ್ಚಿಕೊಂಡು ಕೇಳಿದಳು. ಒಂದು ಕಡೆ ತಡೆದಳು.

"ಕೂಗಾಡಿದಳು ಅಂತ ಬರದೀಯಲ್ಲ, ಅದು ತಪ್ಪೈತಿ. ನಾ ಮೊದಲ ಕೂಗಲಿಲ್ಲಬೇ. ಮೊದಲ ಆ ಮನಿಯವರ ಕಾಲು ಹಿಡದೆ. ಕಾಲು ಹಿಡದರೂ ಕೇಳದಾಗ ಕೂಗಿದೆ."

"ಅದನ್ನ ಹಾಕ್ಲೇನು?"

"ಹಾಕು. ಅದ ಖರೇ."

ಅಕ್ಕ ಹಿಂದಕ್ಕೆ ಹೋಗಿ ಆ ಪದವನ್ನು ಅಕ್ಷರ ಅಕ್ಷರವಾಗಿ ಅಳಿಸಿ ಹೊಸ ಸಾಲು ಬರೆದಳು. ಅಷ್ಟು ಹೊತ್ತಿಗೆ ಕೊನೆಯ ಬಸ್ಸು ಹೋಗಿಬಿಟ್ಟಿತ್ತು. ಮರುದಿನ ಆ ಬರಹವನ್ನು ನನ್ನ ಶಾಲೆಗೆ ಆಗಷ್ಟೇ ತಂದಿದ್ದ ಪ್ರಿಂಟರಿನಲ್ಲಿ ಮೂರು ಪ್ರತಿ ತೆಗೆದೆವು. ಅಕ್ಕ ಒಂದನ್ನು ಮ್ಯಾನೇಜರಿಗೆ ಕೊಟ್ಟಳು, ಇನ್ನೊಂದನ್ನು ಅವನ ಮೇಲಿನವರಿಗೆ ಅಂಚೆಯಲ್ಲಿ ಕಳಿಸಿದಳು. ಹದಿನೈದು ದಿನ ಬಿಟ್ಟು ಆ ಹಳೆಯ ಸಾಲನ್ನು ಕಡತದಿಂದ ತೆಗೆಯಲಾಗಿದೆ ಎಂದು ಎರಡು ಸಾಲಿನ ಉತ್ತರ ಬಂತು. ಕ್ಷಮೆಯ ಮಾತು ಅದರಲ್ಲಿರಲಿಲ್ಲ. ಅಕ್ಕ ಮುಂದಿನ ಸಲ ಆ ಹಳ್ಳಿಗೆ ಹೋದಾಗ ಮೂರನೆಯ ಪ್ರತಿಯನ್ನು ಮುದುಕಿ ಇಸಿದುಕೊಂಡಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಮನೆಗೆ ಬಂದ ಪ್ರತಿಯೊಬ್ಬರ ಕೈಗೂ ಅದನ್ನು ಕೊಟ್ಟು, ಕೂರಿಸಿ, ಓದಿಸಿ ಕೇಳುತ್ತಿದ್ದಳಂತೆ.