ದೊಡ್ಡಮ್ಮನ ಇಂಗ್ಲಿಷಿನ ರಾಗ

ಮಣಿಪಾಲದ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ನನಗೊಂದು ಚಟ ಹತ್ತಿಕೊಂಡಿತು. ಬಂದವರು ಇಂಗ್ಲಿಷಿನಲ್ಲಿ ಬಾಯಿ ತೆರೆದ ಕೂಡಲೇ ಅವರದು ಯಾವ ಊರೆಂದು ಊಹಿಸುವುದು. ವಾಂತಿಗೆ ಮಾತ್ರೆ ಕೇಳುತ್ತ ‘ಬೊಮಿಟಿಂಗ್’ ಎಂದರೆ ಬಂಗಾಳದ ಕಡೆಯವರು. ನಮ್ಮ ತುಳುವರು ‘ಸಿರಪ್’ ಎಂದರೆ ಕೊನೆಯಲ್ಲಿ ಅರ್ಧ ನುಂಗಿದ ಒಂದು ಉಕಾರ ಇದ್ದೇ ಇರುತ್ತದೆ. ಕೆಮ್ಮಣ್ಣು ಎಂಬ ಊರಿನಿಂದ ಬರುವ, ಮನೆಯಲ್ಲಿ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಅಜ್ಜಿಯೊಬ್ಬರು “ದಿಸ್ ಒನ್ ಯು ಹ್ಯಾವ್, ನೋ?” ಎಂದು ಕೇಳುವಾಗ ಆ ‘ನೋ’ ಮೆಟ್ಟಿಲು ಹತ್ತಿ ಮೇಲೆ ಹೋಗಿ ನಿಲ್ಲುತ್ತದೆ. “ಎಂತ ಮಾರಾಯ್ತಿ, ನೀನು ಮದ್ದು ಕೊಡುವುದಾ, ಊರು ಕೇಳುವುದಾ?” ಎಂದು ಅಂಗಡಿಯ ಯಜಮಾನರು ಗೊಣಗುತ್ತಾರೆ. ಅವರ ಇಂಗ್ಲಿಷ್ ಹಿರಿಯಡ್ಕದ್ದು, ಅದನ್ನು ಅವರಿಗೆ ಹೇಳಲು ಹೋಗಿಲ್ಲ.

ಇಷ್ಟೆಲ್ಲ ಕೇಳಿದರೂ ನನಗೆ ಪ್ರೀತಿಯದ್ದು ದೊಡ್ಡಮ್ಮನ ಇಂಗ್ಲಿಷೇ. ಅಮ್ಮನ ಅಕ್ಕ ಅವರು. ನಿವೃತ್ತರಾಗುವವರೆಗೂ ಕಾರ್ಕಳದ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಿದವರು. ವ್ಯಾಕರಣವನ್ನು ಅರೆದು ಕುಡಿದಿದ್ದರು, ರಾಗ ಮಾತ್ರ ಅಪ್ಪಟ ಕಾರ್ಕಳ. ಪಾಠ ಮುಗಿಸಿ ಸ್ಟಾಫ್ ರೂಮಿಗೆ ಬಂದರೆ ವ್ಯಾಕರಣವನ್ನೂ ಹೊರಗೆ ಬಿಟ್ಟು ಬರುತ್ತಿದ್ದರು. “ಸಿಟ್ ಯಾ, ವಾಟ್ ಹರ್ರಿ?” ಎಂದು ಶಾಲಾ ತಪಾಸಣೆಗೆ ಬಂದ ಅಧಿಕಾರಿಗೂ ಹೇಳಿದವರು. ಅವರ ಶಿಷ್ಯರು ಎಲ್ಲಿ ಹೋದರೂ ಆ ರಾಗ ಜೊತೆಗೆ ಹೋಗಿದೆ. ದುಬೈಯ ವಿಮಾನ ನಿಲ್ದಾಣದಲ್ಲಿ ಯಾರೋ ಜಗಳವಾಡುವುದನ್ನು ಕೇಳಿ ನಮ್ಮ ಸಂಬಂಧಿಕರೊಬ್ಬರು ಹತ್ತಿರ ಹೋಗಿ, “ನೀವು ಕಾರ್ಕಳದವರಲ್ವಾ?” ಎಂದು ವಿಚಾರಿಸಿದ್ದರಂತೆ. ಹೌದಂತೆ.

ಕಳೆದ ವರ್ಷ ದೊಡ್ಡಮ್ಮನಿಗೆ ಪಾರ್ಶ್ವವಾಯು ಬಡಿಯಿತು. ಕೈಕಾಲು ಅಷ್ಟಿಷ್ಟು ಉಳಿಯಿತು, ಮಾತು ಹೋಯಿತು. ಆಸ್ಪತ್ರೆಯಿಂದ ನೇರ ನಮ್ಮ ಮನೆಗೆ ಕರೆತಂದೆವು. ಮಾತಿನ ಚಿಕಿತ್ಸೆಗೆ ಮನೆಗೇ ಬರುತ್ತಿದ್ದವಳು ಪಂಜಾಬಿನ ಹುಡುಗಿ, ಸ್ಕೂಲಿಗೆ ‘ಸಕೂಲ್’ ಎನ್ನುವವಳು. ಮೂರು ಭಾಷೆ ಬೆರೆಸಿ ಅವರನ್ನು ಗೊಂದಲ ಮಾಡಬೇಡಿ, ಸದ್ಯ ಒಂದೇ ಭಾಷೆ ಆರಿಸಿ ಎಲ್ಲರೂ ಅದರಲ್ಲೇ ಮಾತಾಡಿ ಎಂದಳು. ನಮ್ಮ ಮನೆಯಲ್ಲಿ ತುಳುವಿನಲ್ಲಿ ಹೊರಟ ವಾಕ್ಯ ಕನ್ನಡದಲ್ಲಿ ತಿರುಗಿ ಇಂಗ್ಲಿಷಿನಲ್ಲಿ ಮುಗಿಯುತ್ತದೆ. ಯಾವುದನ್ನು ಆರಿಸುವುದು? ಜೀವಮಾನವಿಡೀ ಇಂಗ್ಲಿಷ್ ಕಲಿಸಿದವರಲ್ಲವೇ, ಇಂಗ್ಲಿಷೇ ಇರಲಿ ಎಂದು ಎಲ್ಲರೂ ಒಪ್ಪಿಬಿಟ್ಟೆವು. ತುಳು ಎಂದು ಯಾರ ಬಾಯಲ್ಲೂ ಬರಲಿಲ್ಲ. ಡಾಕ್ಟರು, ಮದ್ದು ಎಂದ ಕೂಡಲೇ ಇಂಗ್ಲಿಷಿಗೆ ಹಾರುವುದು ನಮ್ಮ ಊರಿನ ರೂಢಿ.

ಮನೆ ಪರೀಕ್ಷೆಯ ಕೋಣೆಯಾಯಿತು. ಬೆಕ್ಕಿಗೂ ತುಳುವಿನಲ್ಲೇ ಬೈಯುವ ಅಮ್ಮ, “ವುಡ್ ಯು ಲೈಕ್ ಸಮ್ ಗಂಜಿ?” ಎಂದು ತನ್ನ ಅಕ್ಕನನ್ನು ಕೇಳತೊಡಗಿದಳು. ದೊಡ್ಡಮ್ಮನ ಮುಂದೆ ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಹಳೆಯ ಹೆದರಿಕೆ ಎಲ್ಲರಿಗೂ ಇತ್ತು. ಹಾಗಾಗಿ ನಮ್ಮ ರಾಗವನ್ನೆಲ್ಲ ಒತ್ತಿ ಹಿಡಿದು ಟಿವಿಯಲ್ಲಿ ವಾರ್ತೆ ಓದುವವರ ಹಾಗೆ ಮಾತಾಡಿದೆವು.

ಮಾತು ಬಂತು. ಮೊದಲು ನೀರು, ಕಿಟಕಿ, ಆಮೇಲೆ ಸಣ್ಣ ಸಣ್ಣ ವಾಕ್ಯ. ಆದರೆ ರಾಗ ಬರಲಿಲ್ಲ. “ಐ ವಾಂಟ್ ವಾಟರ್” ಎಂದರೆ ಎಲ್ಲ ಪದವೂ ಒಂದೇ ಎತ್ತರದಲ್ಲಿ, ರೈಲ್ವೆ ಸ್ಟೇಷನ್ನಿನ ಪ್ರಕಟಣೆಯ ಹಾಗೆ. ಉಚ್ಚಾರಣೆ ಎಷ್ಟು ಸ್ಪಷ್ಟವಾಗಿದೆ ಎಂದು ಆ ಹುಡುಗಿ ಖುಷಿಪಟ್ಟಳು. ನಾವು ಚಪ್ಪಾಳೆ ತಟ್ಟಿ, ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಆ ವಾರ ಕಾಪುವಿನಿಂದ ಹಳೆಯ ಶಿಷ್ಯೆಯೊಬ್ಬಳು ಫೋನ್ ಮಾಡಿದಳು. ದೊಡ್ಡಮ್ಮ ತಾವೇ ಎತ್ತಿ “ಹಲೋ, ಹೂ ಈಸ್ ದಿಸ್?” ಎಂದರು. ಆಚೆಯಿಂದ “ಸಾರಿ, ರಾಂಗ್ ನಂಬರ್” ಎಂದು ಫೋನ್ ಕಟ್ಟಾಯಿತು. ಆಮೇಲಿಂದ ಫೋನ್ ಸದ್ದಾದರೆ ದೊಡ್ಡಮ್ಮ ಕಣ್ಣು ಮುಚ್ಚಿ ನಿದ್ದೆ ಬಂದವರ ಹಾಗೆ ಇರತೊಡಗಿದರು. ನಮ್ಮೊಂದಿಗೂ ಮಾತು ಕಡಿಮೆಯಾಯಿತು. ಅವರ ದನಿ ಅವರಿಗೇ ಬೇಡವಾಗಿದೆ ಎಂದು ನನಗೆ ಅರ್ಥವಾಯಿತು. ಕಷ್ಟಪಟ್ಟು ಬಂದ ಮಾತನ್ನು ಇವರೇ ಬಿಟ್ಟುಬಿಟ್ಟರೆ ಎಂದು ಭಯವಾಯಿತು.

ರಾಗ ಕೂಡ ಹೋಗುವುದುಂಟೇ ಎಂದು ಆ ಹುಡುಗಿಯನ್ನು ಕೇಳಿದೆ. ಹೋಗುವುದುಂಟು, ಕೆಲವರಿಗೆ ತಿರುಗಿ ಬರುತ್ತದೆ, ಕೆಲವರಿಗೆ ಇಲ್ಲ ಎಂದಳು. ಆಮೇಲೆ ಕುತೂಹಲದಿಂದ, “ಮೊದಲು ಇವರು ಹೇಗೆ ಮಾತಾಡುತ್ತಿದ್ದರು?” ಎಂದು ಇಂಗ್ಲಿಷಿನಲ್ಲಿ ಕೇಳಿದಳು. ರಾಗವನ್ನು ವರ್ಣಿಸುವುದು ಹೇಗೆ? ಫೋನಿನಲ್ಲಿದ್ದ ಮದುವೆಯ ವಿಡಿಯೋದಲ್ಲಿ ಬರೀ ವಾದ್ಯದ ಸದ್ದು. ಕೊನೆಗೆ, ಚಿಕ್ಕಂದಿನಲ್ಲಿ ನಾವು ಮಕ್ಕಳೆಲ್ಲ ಅವರ ಬೆನ್ನ ಹಿಂದೆ ಮಾಡುತ್ತಿದ್ದುದನ್ನೇ ಮಾಡಿದೆ. ಸೊಂಟಕ್ಕೆ ಕೈಯಿಟ್ಟು, ಕತ್ತು ಸ್ವಲ್ಪ ಓರೆ ಮಾಡಿ, “ವೈ ಸ್ಟ್ಯಾಂಡಿಂಗ್ ದೇರ್, ಯಾ? ಕಮ್ ನೋ, ಸಮ್‌ಥಿಂಗ್ ಈಟ್ ಅಂಡ್ ಗೋ ನೋ” ಎಂದು ಎಳೆದೆ. ಹುಡುಗಿ ಬಾಯಿಗೆ ಕೈ ಅಡ್ಡವಿಟ್ಟು ನಕ್ಕಳು. ನಾನೂ ನಕ್ಕೆ.

ತಿರುಗಿ ನೋಡಿದರೆ, ಹಿಂದೆ ಕುಳಿತು ಎಲ್ಲ ಕೇಳಿಸಿಕೊಂಡಿದ್ದ ದೊಡ್ಡಮ್ಮನ ಮುಖ ಕೆಂಪಾಗಿತ್ತು. ಅವರ ಕ್ಲಾಸಿನಲ್ಲಿ ಒಬ್ಬರ ಉಚ್ಚಾರಣೆ ಕೇಳಿ ಇನ್ನೊಬ್ಬರು ನಕ್ಕರೆ ಹೊರಗೆ ನಿಲ್ಲಬೇಕಿತ್ತು. ಬೆರಳು ಎತ್ತಿದರು. ತುಟಿ ಅಲುಗಿತು, ಮಾತು ಹೊರಡಲು ಹೊತ್ತು ಹಿಡಿಯಿತು.

“ವೆನ್ ಐ ಟಾಕ್ಡ್ ಲೈಕ್ ದ್ಯಾಟ್, ಯಾ?”

ಸಿಟ್ಟಿನಲ್ಲಿ ಆ ‘ಯಾ’ ಕೆಳಗಿನಿಂದ ಎದ್ದು ಉದ್ದಕ್ಕೆ ಮೇಲೆ ಹೋಯಿತು. ನನಗೆ ಕಣ್ಣು ತುಂಬಿ ಬಂತು. ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದಳು. ಒಂದೇ ಭಾಷೆಯ ನಿಯಮವನ್ನೆಲ್ಲ ಮರೆತು, ಈಗ ಮಾತಾಡಿದ್ದು ಯಾರು ಎಂದು ತುಳುವಿನಲ್ಲೇ ಕೇಳಿದಳು.

ದೊಡ್ಡಮ್ಮ ತಂಗಿಯನ್ನು ದುರುಗುಟ್ಟಿ ನೋಡಿದರು. “ಬೇತೆ ಏರ್?” ಎಂದರು. ಬೇರೆ ಯಾರು ಎಂದು. ಕಾಯಿಲೆಯಾದ ಮೇಲೆ ಅವರ ಬಾಯಿಂದ ಬಂದ ಮೊದಲ ತುಳು ಮಾತು ಅದು. ಅಮ್ಮ ಸೌಟಿನ ಸಮೇತ ಅಲ್ಲೇ ನೆಲದ ಮೇಲೆ ಕುಳಿತು ಅತ್ತಳು.