ಪತ್ರದ ಕೊನೆಯ ಸಾಲು

ಮಾನ್ಯ ಓದುಗರಲ್ಲಿ ವಿನಂತಿ,

ನನ್ನ ಕೈಬರಹ ಚೆನ್ನಾಗಿಲ್ಲ, ಕಾಗುಣಿತವೂ ಅಲ್ಲಲ್ಲಿ ತಪ್ಪುತ್ತದೆ, ಕ್ಷಮೆಯಿರಲಿ. ಮದುವೆಗೆ ಮುಂಚೆ ತಾಲ್ಲೂಕು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದುದರಿಂದ ಪತ್ರದ ಧಾಟಿಯ ಹೊರತು ಬೇರೆ ಬರವಣಿಗೆ ನನಗೆ ತಿಳಿಯದು.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ನನ್ನ ಪತಿ ಮ್ಯಾಂಚೆಸ್ಟರಿನಲ್ಲಿ ವೈದ್ಯರ ಪರೀಕ್ಷೆಗೆ ಓದುತ್ತಿದ್ದಾಗ, ನಾನು ಊರಾಚೆಯ ಕಾರ್ಖಾನೆಯೊಂದರಲ್ಲಿ ನೆಗ್ಗಿದ ಬೀನ್ಸ್ ಡಬ್ಬಿಗಳನ್ನು ಚಲಿಸುವ ಬೆಲ್ಟಿನಿಂದ ಆರಿಸಿ ತೆಗೆಯುತ್ತಿದ್ದೆ. ಪಕ್ಕದಲ್ಲಿ ಧಾರವಾಡ ಕಡೆಯ ಅಕ್ಕ. ಬೆಲ್ಟ್ ನಿಲ್ಲಿಸುವ ಕೆಂಪು ಗುಂಡಿಯ ಬಳಿ ಜಲಂಧರಿನ ಹೆಂಗಸು. ಶೌಚಕ್ಕೆ ಹೋಗಲೂ ಸೂಪರ್‌ವೈಸರನ ಅಪ್ಪಣೆ ಬೇಕಿತ್ತು. ಈ ಕುರಿತು ಯೂನಿಯನ್ನಿಗೆ ಗುಟ್ಟಾಗಿ ದೂರು ಸಲ್ಲಿಸಲು ನಿಶ್ಚಯಿಸಲಾಯಿತು. ಇಂಗ್ಲಿಷಿನಲ್ಲಿ ಬರೆದವಳು ನಾನು. ಮೊದಲ ಸಹಿ ಅಕ್ಕನದು.

ಮುಂದಿನ ವಾರ ಮ್ಯಾನೇಜರ್ ಅಕ್ಕನನ್ನು ಕರೆಸಿ, ದೂರಿನ ವಿಷಯ ತನಗೆ ಗೊತ್ತಿದೆ ಎಂದರು. ಹೊಸ ರೋಟಾದಲ್ಲಿ, ಅಂದರೆ ಪಾಳಿಯ ಪಟ್ಟಿಯಲ್ಲಿ, ಅಕ್ಕನ ಹೆಸರಿರಲಿಲ್ಲ.

“ಯಾರೋ ಚಾಡಿ ಹೇಳ್ಯಾರ, ತಂಗಿ,” ಎಂದರು ಅಕ್ಕ. “ಯಾರಂತ ನಾ ಹೇಳಂಗಿಲ್ಲ. ಸೂಪರ್‌ವೈಸರ್ ಜೋಡಿ ಚಾ ಕುಡಿಯೋರು ಯಾರದಾರ, ನೀನ ನೋಡು.”

ನೋಡಿದೆ. ಅವನ ಜೊತೆ ಚಹಾ ಕುಡಿಯುತ್ತಿದ್ದವರು ಜಲಂಧರಿನ ಆ ಹೆಂಗಸೊಬ್ಬರೇ. ಅವರು ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ನಾವೆಲ್ಲ ಊಟದ ಡಬ್ಬಿ ಎತ್ತಿಕೊಂಡು ಬೇರೆ ಮೇಜಿಗೆ ಹೋದೆವು. ಅಕ್ಕನನ್ನು ಮರಳಿ ಪಡೆಯಲು ಸೋಮವಾರ ಕೆಲಸ ನಿಲ್ಲಿಸಬೇಕೆಂದಿದ್ದೆವು. ಆದರೆ ಗುಂಡಿ ಇದ್ದದ್ದು ಜಲಂಧರಿನವರ ಕೈಯಳತೆಯಲ್ಲಿ, ಅವರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಶನಿವಾರ ಯೂನಿಯನ್ನಿನ ಉತ್ತರ ನನ್ನ ಮನೆಗೆ ಬಂತು. ದೂರಿನ ಕೊನೆಯಲ್ಲಿ ‘ಪ್ರತಿ: ಮ್ಯಾನೇಜರ್ ಅವರ ಮಾಹಿತಿಗಾಗಿ’ ಎಂದಿರುವುದರಿಂದ, ಅವರಿಗೆ ವಿಷಯ ತಿಳಿದಿದೆಯೆಂದು ಭಾವಿಸಿ ಫೋನ್ ಮಾಡಿ ಮಾತನಾಡಲಾಗಿದೆ ಎಂದಿತ್ತು. ಪ್ರತಿಯನ್ನು ನಾನು ಕಳಿಸಿರಲಿಲ್ಲ. ಆದರೆ ಮೇಲಧಿಕಾರಿಗೆ ಪ್ರತಿ ಎಂದು ನಮೂದಿಸದ ಪತ್ರವನ್ನು ನಾನು ಜನ್ಮದಲ್ಲಿ ಟೈಪ್ ಮಾಡಿದವಳಲ್ಲ. ರೂಢಿಯಂತೆ ಆ ಸಾಲನ್ನೂ ಬರೆದುಬಿಟ್ಟಿದ್ದೆ.

ಸೋಮವಾರ ಬೆಳಿಗ್ಗೆ ಕ್ಯಾಂಟೀನಿನಲ್ಲಿ, ಎಲ್ಲರ ಎದುರು, ಆ ಪತ್ರವನ್ನು ಜಲಂಧರಿನವರ ಮುಂದಿಟ್ಟು, ತಪ್ಪು ನನ್ನದೆಂದೂ ಹತ್ತಕ್ಕೆ ಕೆಲಸ ನಿಲ್ಲಿಸಲಿದ್ದೇವೆಂದೂ ನಿವೇದಿಸಿಕೊಂಡೆ. ಅವರು ಹಿಂದಿಯಲ್ಲಿ ಹೇಳಿದರು: “ಅತ್ತೆಯನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ರಜೆ ಬೇಕಿತ್ತು, ಅದಕ್ಕೆ ಅವನ ಜೊತೆ ಚಹಾ. ಚಾಡಿ ಹೇಳುವಷ್ಟು ಇಂಗ್ಲಿಷ್ ನನಗೆಲ್ಲಿ ಬರುತ್ತೆ, ಮೇಡಂ? ಅದು ನಿಮಗೇ ಬರೋದು.”

ಹತ್ತು ಗಂಟೆಗೆ ಅವರೇ ಗುಂಡಿ ಒತ್ತಿದರು. ಎರಡು ದಿನ ಬೆಲ್ಟ್ ಚಲಿಸಲಿಲ್ಲ. ಮೂರನೆಯ ದಿನ ರೋಟಾದಲ್ಲಿ ಅಕ್ಕನ ಹೆಸರಿತ್ತು. ಜಲಂಧರಿನವರು ಮಾತ್ರ ನಮ್ಮ ಮೇಜಿಗೆ ಮರಳಲಿಲ್ಲ.

ಅಂದಿನಿಂದ ಏನೇ ಬರೆದರೂ ಕೊನೆಯ ಸಾಲನ್ನು ಎರಡು ಸಲ ಓದುತ್ತೇನೆ. ಆದರೂ ನನ್ನ ಕಣ್ಣನ್ನು ನಾನು ನಂಬುವುದಿಲ್ಲವಾದ್ದರಿಂದ, ಇಲ್ಲಿ ತಪ್ಪುಗಳು ಕಂಡುಬಂದಲ್ಲಿ ತಾವೇ ತಿದ್ದಿಕೊಡಬೇಕಾಗಿ ಕೋರುತ್ತೇನೆ.